ಕ್ಯಾನುಲಾ ಫ್ಲೆಬೈಟಿಸ್ ಡಿಸರ್ಟೇಶನ್: ಪುರುಷರ ವಾರ್ಡ್ ಪ್ರಯೋಗ, ಮಹಿಳಾ ವಾರ್ಡ್ ಕಂಟ್ರೋಲ್. ಈ ಡಿಸೈನ್ ನಿಲ್ಲುತ್ತದೆಯೇ?

ಮೆಡ್‌ಸರ್ಜ್_ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ನರ್ಸಿಂಗ್ ಡಿಸರ್ಟೇಶನ್‌ನ ಸಿನಾಪ್ಸಿಸ್ ಕರಡು ಸಿದ್ಧವಾಗಿದೆ. ಎಥಿಕ್ಸ್ ಕಮಿಟಿಗೆ ಕೊಡುವ ಮುಂಚೆ ತಿಳಿದವರು ಒಮ್ಮೆ ಕಣ್ಣಾಡಿಸಿ ಎಲ್ಲಿ ಎಡವಿದೆ ಎಂದು ಹೇಳಿದರೆ ಉಪಕಾರ.

ವಿಷಯ: ಮೆಡಿಕಲ್ ವಾರ್ಡ್‌ನ ವಯಸ್ಕ ರೋಗಿಗಳಲ್ಲಿ ಕ್ಯಾನುಲಾ (ಡ್ರಿಪ್, ಇಂಜೆಕ್ಷನ್‌ಗೆ ರಕ್ತನಾಳದೊಳಗೆ ಹಾಕುವ ಸಣ್ಣ ಕೊಳವೆ) ಕೇರ್ ಬಂಡಲ್‌ನಿಂದ ಫ್ಲೆಬೈಟಿಸ್ (ರಕ್ತನಾಳದ ಉರಿಯೂತ) ಕಡಿಮೆಯಾಗುತ್ತದೆಯೇ. ಬಂಡಲ್‌ನಲ್ಲಿ ನಾಲ್ಕು ಅಂಶ: ಪ್ರತಿ ಇಂಜೆಕ್ಷನ್‌ಗೆ ಮುಂಚೆ ಸ್ಪಿರಿಟ್ ಸ್ವಾಬ್‌ನಿಂದ ಹಬ್ (ಕ್ಯಾನುಲಾದ ಬಾಯಿ) 15 ಸೆಕೆಂಡ್ ಉಜ್ಜುವುದು, ಔಷಧದ ಮುಂಚೆ ಮತ್ತು ನಂತರ 5 ಮಿ.ಲೀ. ನಾರ್ಮಲ್ ಸಲೈನ್ ಫ್ಲಶ್, ದಿನಾಂಕ ಬರೆದ ಟ್ರಾನ್ಸ್‌ಪರೆಂಟ್ ಡ್ರೆಸ್ಸಿಂಗ್, ಎಂಟು ಗಂಟೆಗೊಮ್ಮೆ ಜಾಗದ ಪರೀಕ್ಷೆ. ಕಂಟ್ರೋಲ್ ಗುಂಪಿಗೆ ವಾರ್ಡ್‌ನಲ್ಲಿ ಈಗ ನಡೆಯುತ್ತಿರುವ ಆರೈಕೆ ಮಾತ್ರ.

ಡಿಸೈನ್: ಕ್ವಾಸಿ ಎಕ್ಸ್‌ಪರಿಮೆಂಟಲ್ (ಚೀಟಿ ಎತ್ತಿ ಗುಂಪು ಹಂಚದ ಪ್ರಯೋಗ), ಪ್ರಿ-ಟೆಸ್ಟ್ ಪೋಸ್ಟ್-ಟೆಸ್ಟ್. ಪುರುಷರ ವಾರ್ಡ್‌ನಿಂದ 30 ಜನ ಪ್ರಯೋಗ ಗುಂಪು, ಮಹಿಳಾ ವಾರ್ಡ್‌ನಿಂದ 30 ಜನ ಕಂಟ್ರೋಲ್. ಪರ್ಪಸಿವ್ ಸ್ಯಾಂಪ್ಲಿಂಗ್ (ರೋಗಿಗಳನ್ನು ನಾನೇ ಆರಿಸುವುದು). ಮೊದಲ ದಿನ ಮತ್ತು ಮೂರನೇ ದಿನ ವಿಐಪಿ ಸ್ಕೋರ್ (ವಿಷುಯಲ್ ಇನ್‌ಫ್ಯೂಷನ್ ಫ್ಲೆಬೈಟಿಸ್, ಜಾಗ ನೋಡಿ ಕೊಡುವ 0–5ರ ಅಂಕ), ಸರಾಸರಿಗಳಿಗೆ ಟಿ-ಟೆಸ್ಟ್, ಹತ್ತು ಡೆಮೋಗ್ರಾಫಿಕ್ ವೇರಿಯಬಲ್‌ಗಳ ಜತೆ ಕೈ-ಸ್ಕ್ವೇರ್ (ಎರಡರ ನಡುವೆ ಸಂಬಂಧ ಇದೆಯೇ ಎಂಬ ಪರೀಕ್ಷೆ). ಮೆಡಿಕಲ್ ಸೂಪರಿಂಟೆಂಡೆಂಟ್ ಅವರ ಅನುಮತಿ ಪತ್ರ ಸಿಕ್ಕಿದೆ.

ಪ್ರಶ್ನೆಗಳು: ಡಿಸೈನ್ ಸರಿಯೇ? ಎಕ್ಸ್‌ಟ್ರೇನಿಯಸ್ ವೇರಿಯಬಲ್ (ಫಲಿತಾಂಶವನ್ನು ಕೆಡಿಸಬಹುದಾದ ಹೊರಗಿನ ಅಂಶ) ಎಂದು ಏನೇನು ಬರೆಯಬೇಕು? 60 ಸ್ಯಾಂಪಲ್ ಸಾಕೇ? ಸೂಪರಿಂಟೆಂಡೆಂಟ್ ಅನುಮತಿ ಇದ್ದ ಮೇಲೆ ಕಮಿಟಿಯಿಂದ ಇನ್ನೇನು ಅಡ್ಡಿ ಬರಬಹುದು?

ವಾರ್ಡ್‌ಬುಕ್

ಮೊದಲು ಆ ಪ್ರಿ-ಟೆಸ್ಟ್ ತೆಗೆದುಹಾಕಿ. ಈಗಷ್ಟೇ ಕ್ಯಾನುಲಾ ಹಾಕಿದ ಕೈಯಲ್ಲಿ ವಿಐಪಿ ಸ್ಕೋರ್ ಎಷ್ಟಿರುತ್ತದೆ? ಸೊನ್ನೆ. ಅರವತ್ತೂ ಜನರಿಗೆ ಸೊನ್ನೆ. ಮೂರನೇ ದಿನ ಎರಡೂ ಗುಂಪಿನ ಸರಾಸರಿ ಮೇಲೇರಿರುತ್ತದೆ, ಪೇರ್ಡ್ ಟಿ-ಟೆಸ್ಟ್ ಎರಡರಲ್ಲೂ 'ಸಿಗ್ನಿಫಿಕೆಂಟ್' ಎನ್ನುತ್ತದೆ, ಅದರಿಂದ ತಿಳಿಯುವುದು ಏನೂ ಇಲ್ಲ. ಜ್ಞಾನ ಅಳೆಯುವ ಟೀಚಿಂಗ್ ಪ್ರೋಗ್ರಾಂ ಡಿಸರ್ಟೇಶನ್‌ಗಳ ಅಚ್ಚಿಗೆ ಎಲ್ಲ ವಿಷಯವನ್ನೂ ಸುರಿಯುವ ರೂಢಿಯಿಂದ ಬಂದ ತಪ್ಪಿದು. ಫ್ಲೆಬೈಟಿಸ್ ಹೊಸದಾಗಿ ಹುಟ್ಟುವ ಘಟನೆ. ಅದಕ್ಕೆ ಪೋಸ್ಟ್-ಟೆಸ್ಟ್ ಓನ್ಲಿ ಡಿಸೈನ್ ಸಾಕು, ಅದೇ ಸರಿ.

ಎರಡನೆಯದು ಡಿಪೆಂಡೆಂಟ್ ವೇರಿಯಬಲ್, ಅಂದರೆ ನೀವು ಅಳೆಯುವ ಫಲಿತಾಂಶ. ವಿಐಪಿಯನ್ನು ಸರಾಸರಿ ಮಾಡಬೇಡಿ. 0 ಎಂದರೆ ಜಾಗ ಚೆನ್ನಾಗಿದೆ. 1 ಎಂದರೆ ಸಣ್ಣ ನೋವು ಅಥವಾ ಸ್ವಲ್ಪ ಕೆಂಪು, ಎರಡರಲ್ಲಿ ಒಂದು. 2 ಎಂದರೆ ನೋವು, ಕೆಂಪು, ಊತ ಈ ಮೂರರಲ್ಲಿ ಎರಡು. 3ಕ್ಕೆ ಕ್ಯಾನುಲಾ ಹೋದ ದಾರಿಯುದ್ದಕ್ಕೂ ನೋವು, ಜತೆಗೆ ಕೆಂಪು, ಗಟ್ಟಿಯಾಗುವಿಕೆ. 4ಕ್ಕೆ ಇವುಗಳ ಮೇಲೆ ರಕ್ತನಾಳ ಹಗ್ಗದ ಹಾಗೆ ಕೈಗೆ ಸಿಗಬೇಕು, 5ಕ್ಕೆ ಜ್ವರವೂ ಸೇರಬೇಕು. ಇವು ಮೆಟ್ಟಿಲುಗಳು. 1ರಿಂದ 2ಕ್ಕೆ ಇರುವ ಅಂತರವೂ 4ರಿಂದ 5ಕ್ಕೆ ಇರುವ ಅಂತರವೂ ಒಂದೇ ಅಲ್ಲ. ಅದಕ್ಕಿಂತ ಮುಖ್ಯ ಮಾತು: 2 ಬಂದ ತಕ್ಷಣ ಕ್ಯಾನುಲಾ ತೆಗೆದು ಬೇರೆ ಕಡೆ ಹಾಕಬೇಕು ಎಂದು ಸ್ಕೇಲೇ ಹೇಳುತ್ತದೆ. ನೀವು ಅದನ್ನು ಪಾಲಿಸಿದರೆ 3, 4, 5 ಹೆಚ್ಚುಕಡಿಮೆ ಬರುವುದೇ ಇಲ್ಲ. ನಿಮ್ಮ ಡೇಟಾದಲ್ಲಿ 4 ಕಾಣಿಸಿದರೆ, 2 ಬಂದಾಗ ಯಾರೋ ನೋಡುತ್ತಾ ಕೂತಿದ್ದರು ಎಂದೇ ಎಕ್ಸಾಮಿನರ್ ಓದುತ್ತಾರೆ. ಹಾಗಾಗಿ ಹೀಗೆ ಬರೆಯಿರಿ: 'ಕ್ಯಾನುಲಾ ಹಾಕಿದ 72 ಗಂಟೆಯೊಳಗೆ ವಿಐಪಿ 2 ಅಥವಾ ಹೆಚ್ಚು: ಹೌದು / ಇಲ್ಲ'. ಕ್ಯಾನುಲಾ ತೆಗೆದ ನಂತರವೂ 48 ಗಂಟೆಯೊಳಗೆ ಫ್ಲೆಬೈಟಿಸ್ ಕಾಣಿಸಿಕೊಳ್ಳಬಹುದು, ಆ ಒಂದು ಭೇಟಿಯನ್ನೂ ವೇಳಾಪಟ್ಟಿಗೆ ಸೇರಿಸಿ.

ಮೂರನೆಯದು ಪುರುಷರ ವಾರ್ಡ್, ಮಹಿಳಾ ವಾರ್ಡ್. ಇದು ಸಿನಾಪ್ಸಿಸ್‌ನ ಅತಿ ದೊಡ್ಡ ತೂತು. ಫಲಿತಾಂಶ ಏನೇ ಬರಲಿ, ಅದು ಬಂಡಲ್‌ನಿಂದಲೋ ಗಂಡು–ಹೆಣ್ಣು ವ್ಯತ್ಯಾಸದಿಂದಲೋ ಎಂದು ಬೇರ್ಪಡಿಸಲು ದಾರಿಯೇ ಇಲ್ಲ. ರಕ್ತನಾಳದ ಗಾತ್ರ ಬೇರೆ, ಕಾಯಿಲೆಗಳ ಮಿಶ್ರಣ ಬೇರೆ. ಮಹಿಳಾ ವಾರ್ಡ್‌ನಲ್ಲಿ ರಕ್ತಹೀನತೆಗೆ ಐರನ್ ಸುಕ್ರೋಸ್ ಹೆಚ್ಚು ಹೋಗುತ್ತದೆ, ಅದು ನಾಳಕ್ಕೆ ಕಿರಿಕಿರಿ ಮಾಡುವ ಔಷಧ. ಸ್ಟಾಫ್ ಬೇರೆ, ಇನ್‌ಚಾರ್ಜ್ ಸಿಸ್ಟರ್ ಬೇರೆ. ಯಾವ ಸ್ಟ್ಯಾಟಿಸ್ಟಿಕ್ಸ್ ತಂದರೂ ಇದನ್ನು ಸರಿಪಡಿಸಲಾಗದು, ಏಕೆಂದರೆ ಪ್ರಯೋಗ ಗುಂಪಿನಲ್ಲಿ ಒಬ್ಬ ಹೆಂಗಸೂ ಇಲ್ಲ, ಕಂಟ್ರೋಲ್‌ನಲ್ಲಿ ಒಬ್ಬ ಗಂಡಸೂ ಇಲ್ಲ.

ಎಕ್ಸ್‌ಟ್ರೇನಿಯಸ್ ವೇರಿಯಬಲ್ ಪಟ್ಟಿ ಬರೆದರೆ ಕೆಲಸ ಮುಗಿಯುವುದಿಲ್ಲ, ಪ್ರತಿಯೊಂದಕ್ಕೂ ಏನು ಮಾಡುತ್ತೀರಿ ಎಂದೂ ಬರೆಯಬೇಕು. ನೊರಾಡ್ರೆನಲಿನ್, ಅಮಿಯೊಡರೋನ್, ಕೀಮೋ ಪಡೆಯುವವರನ್ನು ಹೊರಗಿಡಿ. ಕ್ಯಾಶುಯಾಲ್ಟಿಯಲ್ಲಿ ಹಾಕಿಕೊಂಡು ಬಂದ ಕ್ಯಾನುಲಾ ಬೇಡ. ಎಷ್ಟು ಹೊತ್ತಿಗೆ, ಎಷ್ಟು ಶುದ್ಧವಾಗಿ ಹಾಕಿದರು ಎಂದು ಗೊತ್ತಿರುವುದಿಲ್ಲ, ಅಂಥದ್ದನ್ನು 48 ಗಂಟೆಯೊಳಗೆ ಬದಲಿಸುವುದೇ ನಿಯಮ. ಗೇಜ್ (ಕ್ಯಾನುಲಾದ ಗಾತ್ರ) ಅನ್ನು 20 (ಗುಲಾಬಿ) ಮತ್ತು 22 (ನೀಲಿ) ಎರಡಕ್ಕೇ ಸೀಮಿತ ಮಾಡಿ, ಮೊಣಕೈ ಮಡಿಕೆ ಬಿಟ್ಟು ಮುಂಗೈ, ಅಂಗೈ ಹಿಂಭಾಗ ಮಾತ್ರ ತೆಗೆದುಕೊಳ್ಳಿ. ಪೊಟ್ಯಾಸಿಯಂ ಕ್ಲೋರೈಡ್, ವ್ಯಾಂಕೊಮೈಸಿನ್, ಫೆನಿಟೊಯಿನ್, ಮ್ಯಾನಿಟಾಲ್, 25% ಡೆಕ್ಸ್‌ಟ್ರೋಸ್ ಹೋದರೆ ಡೋಸ್ ಸಮೇತ ದಾಖಲಿಸಿ. ಸಕ್ಕರೆ ಕಾಯಿಲೆ ಇದೆಯೇ, ಎಷ್ಟನೇ ಚುಚ್ಚಿಗೆ ನಾಳ ಸಿಕ್ಕಿತು, ಹಾಕಿದವರು ಯಾರು (ಸ್ಟಾಫ್, ಇಂಟರ್ನ್, ವಿದ್ಯಾರ್ಥಿ), ಇವೂ ಇರಲಿ. ಒಬ್ಬ ರೋಗಿಯಿಂದ ಒಂದೇ ಕ್ಯಾನುಲಾ, ಮೊದಲನೆಯದು. ಒಬ್ಬರ ಮೂರು ಕ್ಯಾನುಲಾಗಳನ್ನು ಮೂರು ಸ್ಯಾಂಪಲ್ ಎಂದು ಎಣಿಸಿದರೆ ಲೆಕ್ಕ ಕೆಡುತ್ತದೆ, ಒಂದು ಕೈ ಬಾತವನಿಗೆ ಇನ್ನೊಂದೂ ಬಾಯುವ ಸಂಭವ ಹೆಚ್ಚು.

ನೋವು ಸ್ಕೋರ್‌ನ ಭಾಗ, ಆದ್ದರಿಂದ ಮಾತಾಡಲಾಗದ, ಅರೆಪ್ರಜ್ಞೆಯ ರೋಗಿಗಳನ್ನು ಸೇರಿಸಿದರೆ ಸ್ಕೋರ್ ಸುಳ್ಳಾಗಿ ಕಡಿಮೆ ಬರುತ್ತದೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದು ತಡ. ಬರೀ ನೋಡಿದರೆ ಸಾಲದು, ಎರಡು ಬೆರಳಿನಿಂದ ಮುಟ್ಟಿ ಬಿಸಿ, ಗಟ್ಟಿತನ ನೋಡಿ, ಇನ್ನೊಂದು ಕೈಯ ಅದೇ ಜಾಗದ ಜತೆ ಹೋಲಿಸಬೇಕು ಎಂದು ಟೂಲ್‌ನಲ್ಲೇ ಬರೆಯಿರಿ.

ಸಂಖ್ಯಾಶಾಸ್ತ್ರ_ಮೇಜು

60 ಸಾಕೇ ಎಂಬ ಪ್ರಶ್ನೆಗೆ ಉತ್ತರ ಲೆಕ್ಕದಲ್ಲೇ ಇದೆ. ವಾರ್ಡ್‌ಬುಕ್ ಹೇಳಿದಂತೆ ಹೌದು/ಇಲ್ಲ ಫಲಿತಾಂಶ ಇಟ್ಟುಕೊಳ್ಳೋಣ. ಶೇ. 5 ಆಲ್ಫಾ (ಇಲ್ಲದ ಅಂತರವನ್ನು ಇದೆ ಎನ್ನುವ ಸಂಭವ), ಶೇ. 80 ಪವರ್ (ಇರುವ ಅಂತರವನ್ನು ಹಿಡಿಯುವ ಸಂಭವ) ಎಂದರೆ 1.96 ಮತ್ತು 0.84, ಕೂಡಿಸಿ ವರ್ಗ ಮಾಡಿದರೆ 7.84. ಉದಾಹರಣೆಗೆ ಕಂಟ್ರೋಲ್‌ನಲ್ಲಿ ಶೇ. 40, ಬಂಡಲ್‌ನಲ್ಲಿ ಶೇ. 20 ಎಂದು ಹಿಡಿಯಿರಿ. 0.40×0.60 + 0.20×0.80 = 0.40. ಅಂತರದ ವರ್ಗ 0.04. 7.84×0.40÷0.04 = 78.4, ಅಂದರೆ ಗುಂಪಿಗೆ 79. ಶೇ. 10 ಜನ ನಡುವೆ ಬಿಟ್ಟುಹೋಗುತ್ತಾರೆ ಎಂದರೆ 79ನ್ನು 0.9ರಿಂದ ಭಾಗಿಸಿ, 88. ಕೆಲವರು ಇಲ್ಲಿ 79ಕ್ಕೆ ಅದರ ಶೇ. 10 ಸೇರಿಸಿ 87 ಎನ್ನುತ್ತಾರೆ, ಭಾಗಿಸುವುದೇ ಸರಿ.

ಈಗ ತಿರುಗಿಸಿ ನೋಡಿ: ಗುಂಪಿಗೆ 30 ಇದ್ದರೆ ಏನನ್ನು ಹಿಡಿಯಬಹುದು? ಶೇ. 40 ಇದ್ದದ್ದು ಶೇ. 10ಕ್ಕೆ ಕುಸಿದರೆ ಮಾತ್ರ (ಅದಕ್ಕೆ ಬೇಕಾದ್ದು 29). ನಾಲ್ಕರಲ್ಲಿ ಮೂರು ಫ್ಲೆಬೈಟಿಸ್ ಮಾಯ ಮಾಡುವ ಬಂಡಲ್ ಇದ್ದರೆ ಸರಿ. ಅದಕ್ಕಿಂತ ಚಿಕ್ಕ, ಆದರೆ ರೋಗಿಗೆ ಉಪಯೋಗದ ಅಂತರ ನಿಮ್ಮ ಬಲೆಯಿಂದ ನುಸುಳಿಹೋಗುತ್ತದೆ. ಆಮೇಲೆ 'ಪರಿಣಾಮವಿಲ್ಲ' ಎಂದು ಬರೆಯುತ್ತೀರಿ, ಅದು ತಪ್ಪು ತೀರ್ಮಾನ. ಮೇಲಿನ ಶೇ. 40 ನಾನು ಲೆಕ್ಕಕ್ಕೆ ಹಿಡಿದ ಸಂಖ್ಯೆ, ಅದನ್ನೇ ಎತ್ತಿಕೊಳ್ಳಬೇಡಿ. ನಿಮ್ಮ ವಾರ್ಡ್‌ನಲ್ಲಿ ಅನುಮತಿ ಪಡೆದು ಒಂದು ಆಡಿಟ್ ಮಾಡಿ ಬಂದ ಅಂಕಿ ಹಾಕಿ.

ಆ ಹತ್ತು ಡೆಮೋಗ್ರಾಫಿಕ್ ಕೈ-ಸ್ಕ್ವೇರ್‌ಗಳ ಬಗ್ಗೆ. ಧರ್ಮ, ಆದಾಯ, ವೈವಾಹಿಕ ಸ್ಥಿತಿ ಇವಕ್ಕೂ ಫ್ಲೆಬೈಟಿಸ್‌ಗೂ ಏನು ಸಂಬಂಧ? ಸಂಬಂಧವೇ ಇಲ್ಲದ ಹತ್ತು ಪರೀಕ್ಷೆ ಮಾಡಿದರೂ ಕನಿಷ್ಠ ಒಂದು 0.05ಕ್ಕಿಂತ ಕೆಳಗೆ ಬರುವ ಸಂಭವ 1 − 0.95ರ ಹತ್ತನೇ ಘಾತ, ಅಂದರೆ ಶೇ. 40. ಬೇಡದ ಮಾಹಿತಿ ಕೇಳುವುದೂ ಎಥಿಕ್ಸ್ ಪ್ರಶ್ನೆಯೇ; ಉಪಯೋಗಿಸದ ಆದಾಯದ ಅಂಕಿ ರೋಗಿಯಿಂದ ಏಕೆ ಪಡೆಯಬೇಕು? ಅದರ ಬದಲು ಲಾಜಿಸ್ಟಿಕ್ ರಿಗ್ರೆಷನ್ (ಹಲವು ಅಂಶಗಳ ಪ್ರಭಾವವನ್ನು ಒಟ್ಟಿಗೆ ಲೆಕ್ಕಹಾಕುವ ವಿಧಾನ) ಇಡಿ, ಗೇಜ್, ಕೆರಳಿಸುವ ಔಷಧ, ಸಕ್ಕರೆ ಕಾಯಿಲೆ ಹಾಕಿ. ಒಂದು ವೇರಿಯಬಲ್‌ಗೆ ಸುಮಾರು ಹತ್ತು ಫ್ಲೆಬೈಟಿಸ್ ಪ್ರಕರಣ ಬೇಕು ಎಂಬುದು ಒರಟು ನಿಯಮ. ಮೇಲಿನ ಉದಾಹರಣೆಯಲ್ಲಿ ಒಟ್ಟು ಸುಮಾರು 47 ಪ್ರಕರಣ, ನಾಲ್ಕು ವೇರಿಯಬಲ್ ಹಿಡಿಯುತ್ತವೆ, ಹತ್ತಲ್ಲ.

ಇನ್ನೊಂದು: ಇಬ್ಬರು ನೋಡುವವರಿದ್ದರೆ ರಿಲಯಬಿಲಿಟಿಗೆ ಬರೀ ಶೇಕಡಾ ಹೊಂದಾಣಿಕೆ ಕೊಡಬೇಡಿ. 50 ಜಾಗ ನೋಡಿ, 8ಕ್ಕೆ ಇಬ್ಬರೂ 'ಹೌದು', 36ಕ್ಕೆ ಇಬ್ಬರೂ 'ಇಲ್ಲ', ಉಳಿದ 6ರಲ್ಲಿ ತಲಾ ಮೂರು ಆ ಕಡೆ ಈ ಕಡೆ ಎಂದುಕೊಳ್ಳಿ. ಹೊಂದಾಣಿಕೆ ಶೇ. 88, ಕೇಳಲು ಚೆಂದ. ಆದರೆ ಕಣ್ಣುಮುಚ್ಚಿ ಹೇಳಿದ್ದರೂ ಶೇ. 66ರಷ್ಟು ಹೊಂದುತ್ತಿತ್ತು, ಏಕೆಂದರೆ ಹೆಚ್ಚಿನವು 'ಇಲ್ಲ'. ಕಾಪಾ (ಆಕಸ್ಮಿಕ ಹೊಂದಾಣಿಕೆ ಕಳೆದು ಉಳಿಯುವ ಅಳತೆ) ಹಾಕಿದರೆ 0.65. ಕೊಡಬೇಕಾದ ಸಂಖ್ಯೆ ಇದು.

ಕಮಿಟಿ_ಕಡತ

ಸೂಪರಿಂಟೆಂಡೆಂಟ್ ಪತ್ರ ಎಂದರೆ ಆ ಕಟ್ಟಡದಲ್ಲಿ ಓಡಾಡಲು ಅನುಮತಿ, ಅಷ್ಟೇ. ಎಥಿಕ್ಸ್ ಕಮಿಟಿ ಒಪ್ಪಿಗೆಯೂ ಅಲ್ಲ, ರೋಗಿಯ ಒಪ್ಪಿಗೆಯೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಕಮಿಟಿಯಲ್ಲಿ 7ರಿಂದ 15 ಸದಸ್ಯರು, ಅಧ್ಯಕ್ಷರು ಸಂಸ್ಥೆಯ ಹೊರಗಿನವರು, ಕೋರಂಗೆ ಕನಿಷ್ಠ ಐವರು. ಕಾನೂನು ತಿಳಿದವರೂ ಸಾಮಾನ್ಯ ನಾಗರಿಕರೊಬ್ಬರೂ ಇರುತ್ತಾರೆ. ಬಹಳ ಸಲ ಚುಚ್ಚುವ ಪ್ರಶ್ನೆ ಬರುವುದು ಡಾಕ್ಟರುಗಳಿಂದಲ್ಲ, ಆ ಸಾಮಾನ್ಯ ಸದಸ್ಯರಿಂದ. ನಿಮ್ಮ ಗೈಡ್ ಸದಸ್ಯರಾಗಿದ್ದರೆ ನಿಮ್ಮ ಕಡತ ಬಂದಾಗ ಹೊರಗೆ ಹೋಗಬೇಕು.

ಆ ಸದಸ್ಯರು ಕೇಳುವ ಪ್ರಶ್ನೆ ಹೀಗಿರುತ್ತದೆ: 'ಸಲೈನ್ ಫ್ಲಶ್ ಮಾಡುವುದು, ಹಬ್ ಉಜ್ಜುವುದು ಆಸ್ಪತ್ರೆಯ ಇನ್‌ಫೆಕ್ಷನ್ ಕಂಟ್ರೋಲ್ ನಿಯಮದಲ್ಲಿ ಇದೆಯೋ ಇಲ್ಲವೋ?' ಇದೆ ಎಂದರೆ ಮುಂದಿನ ಪ್ರಶ್ನೆ: 'ಹಾಗಾದರೆ 30 ಹೆಂಗಸರಿಗೆ ಅದನ್ನು ಮಾಡದೆ ಬಿಟ್ಟು ಕೈ ಬಾಯುವುದನ್ನು ಎಣಿಸುತ್ತೀರಾ?' ಇದಕ್ಕೆ ಉತ್ತರವಿಲ್ಲ. 'ವಾರ್ಡ್‌ನಲ್ಲಿ ಈಗ ನಡೆಯುತ್ತಿರುವ ಆರೈಕೆ' ಎಂಬ ಮಾತಿನ ಹಿಂದೆ ಅಡಗಲು ಆಗದು. ನಡೆಯುತ್ತಿರುವುದು ಬೇರೆ, ನಡೆಯಬೇಕಾದದ್ದು ಬೇರೆ. ಕಂಟ್ರೋಲ್ ಗುಂಪಿಗೆ ಸಿಗಬೇಕಾದದ್ದು ಎರಡನೆಯದು.

ಈ ಪ್ರಶ್ನೆಯಿಂದ ನರ್ಸಿಂಗ್ ಹೊರತಲ್ಲ. ಅಮೆರಿಕದ ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಕಪ್ಪು ಜನಾಂಗದ ಗಂಡಸರನ್ನು ಚಿಕಿತ್ಸೆ ಕೊಡದೆ ಗಮನಿಸುತ್ತಾ ಹೋದರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಆ ರೋಗಿಗಳ ಮನೆಗೆ ಹೋಗಿ, ವಿಶ್ವಾಸ ಗಳಿಸಿ, ಅಧ್ಯಯನ ಬಿಡದಂತೆ ನೋಡಿಕೊಂಡವರು ಯೂನಿಸ್ ರಿವರ್ಸ್ ಎಂಬ ನರ್ಸ್. 1979ರ ಬೆಲ್ಮಾಂಟ್ ವರದಿ ಹುಟ್ಟಿದ್ದು ಆ ಹಗರಣದ ಬೆನ್ನಿಗೆ. ನಿಮ್ಮ ಅಧ್ಯಯನದಲ್ಲಿ ಅಪಾಯ ಅದರ ನೂರರಲ್ಲೊಂದು ಪಾಲೂ ಇಲ್ಲ, ಆದರೆ ಪ್ರಶ್ನೆಯ ಆಕಾರ ಅದೇ.

ಮೆಡ್‌ಸರ್ಜ್_ವಿದ್ಯಾರ್ಥಿ

ಎಲ್ಲರಿಗೂ ಧನ್ಯವಾದ. ಫ್ಲಶ್ ಮತ್ತು ಹಬ್ ಉಜ್ಜುವುದು ಎರಡೂ ಆಸ್ಪತ್ರೆಯ ಮ್ಯಾನುಯಲ್‌ನಲ್ಲಿ ಇವೆ, ಪಾಲನೆ ಮಾತ್ರ ಅಷ್ಟಕ್ಕಷ್ಟೆ. ಎರಡು ಉಪಾಯ ತೋಚಿವೆ. ಒಂದು, ಎರಡೂ ವಾರ್ಡ್‌ಗಳಲ್ಲಿ ಸಮ ಸಂಖ್ಯೆಯ ಬೆಡ್‌ಗೆ ಬಂಡಲ್, ಬೆಸಕ್ಕೆ ಕಂಟ್ರೋಲ್. ಎರಡು, ಮೊದಲ ಆರು ವಾರ ಎಲ್ಲರೂ ಕಂಟ್ರೋಲ್, ನಂತರ ಸ್ಟಾಫ್‌ಗೆ ತರಬೇತಿ, ಆಮೇಲೆ ಆರು ವಾರ ಎಲ್ಲರಿಗೂ ಬಂಡಲ್. ಯಾವುದು ಮೇಲು?

ವಾರ್ಡ್‌ಬುಕ್

ಬೆಡ್ ನಂಬರ್ ಬೇಡ. ಮುಂದಿನ ಬೆಡ್ ಯಾವ ಗುಂಪು ಎಂದು ಎಲ್ಲರಿಗೂ ಗೊತ್ತಿರುತ್ತದೆ, ಕಷ್ಟದ ರೋಗಿಯನ್ನು ಯಾವ ಬೆಡ್‌ಗೆ ಹಾಕಬೇಕು ಎಂಬುದು ಸಿಸ್ಟರ್ ಕೈಯಲ್ಲಿರುತ್ತದೆ. ನರ್ಸಿಂಗ್ ಸ್ಟೇಷನ್‌ಗೆ ಹತ್ತಿರದ ಬೆಡ್‌ಗಳಿಗೆ ಹೆಚ್ಚು ಕಾಯಿಲೆಯವರು ಬರುತ್ತಾರೆ. ಬೆಡ್ ಬದಲಾದರೆ ಗುಂಪೂ ಬದಲಾಗುತ್ತದೆಯೇ? ಇದರ ಜತೆ ಕಂಟ್ಯಾಮಿನೇಶನ್ (ಒಂದು ಗುಂಪಿನ ಆರೈಕೆ ಇನ್ನೊಂದಕ್ಕೂ ಬೆರೆಯುವುದು): ಒಂದೇ ಸಿಸ್ಟರ್ 7ನೇ ಬೆಡ್‌ಗೆ ಫ್ಲಶ್ ಮಾಡದೆ 8ಕ್ಕೆ ಮಾಡಬೇಕು. ಮಾಡುವುದಿಲ್ಲ. ಒಂದೋ ಇಬ್ಬರಿಗೂ ಮಾಡುತ್ತಾರೆ, ಇಲ್ಲವೇ ಇಬ್ಬರಿಗೂ ಬಿಡುತ್ತಾರೆ. ಪಕ್ಕದ ಬೆಡ್‌ನ ಅಟೆಂಡರ್ 'ನಮ್ಮವರಿಗೂ ಆ ಪ್ಲಾಸ್ಟಿಕ್ ಹಾಕಿ ಸಿಸ್ಟರ್' ಎಂದು ಕೇಳುವುದೂ ನಿಜ.

ಮೊದಲು ಕಂಟ್ರೋಲ್, ನಂತರ ಬಂಡಲ್ ಎಂಬುದು ಅದಕ್ಕಿಂತ ಮೇಲು. ತಿರುಗಾಮುರುಗಾ ಮಾಡಬೇಡಿ, ಕಲಿತದ್ದನ್ನು ಮರೆಸಲಾಗದು. ತೊಂದರೆ ಕಾಲದ್ದು. ಕಂಟ್ರೋಲ್ ಬೇಸಿಗೆಯಲ್ಲಿ, ಬಂಡಲ್ ಮಳೆಗಾಲದಲ್ಲಿ ಬಿದ್ದರೆ ವಾರ್ಡ್ ತುಂಬಾ ಡೆಂಗಿ. ವಯಸ್ಸು, ಫ್ಲೂಯಿಡ್, ಆಸ್ಪತ್ರೆಯಲ್ಲಿ ಉಳಿಯುವ ದಿನ ಎಲ್ಲ ಬದಲು. ನಡುವೆ ಹೊಸ ಇಂಟರ್ನ್ ಬ್ಯಾಚ್ ಬಂದರೂ ಅಷ್ಟೇ. ಆದರೆ ಕಮಿಟಿ_ಕಡತ ಎತ್ತಿದ ಪ್ರಶ್ನೆ ಇಲ್ಲೂ ತಪ್ಪುವುದಿಲ್ಲ: ಆ ಮೊದಲ ಆರು ವಾರ ಫ್ಲಶ್ ಆಗುತ್ತಿಲ್ಲ ಎಂದು ಗೊತ್ತಿದ್ದೂ ಸುಮ್ಮನೆ ಬರೆದುಕೊಳ್ಳುತ್ತೀರಿ.

ಡ್ರೆಸ್ಸಿಂಗ್_ಟ್ರಾಲಿ

ಬಂಡಲ್‌ಗೆ ಏಕೆ ಇಷ್ಟು ಜೋತುಬೀಳಬೇಕು? ನಾಲ್ಕು ಅಂಶ ಒಟ್ಟಿಗೆ ಹಾಕಿ ಫ್ಲೆಬೈಟಿಸ್ ಇಳಿದರೆ, ಇಳಿಸಿದ್ದು ಯಾವುದು ಎಂದು ಹೇಳಲಾಗುವುದೂ ಇಲ್ಲ. ಫ್ಲಶ್, ಹಬ್, ಎಂಟು ಗಂಟೆಯ ಪರೀಕ್ಷೆ ಈ ಮೂರನ್ನೂ ಎರಡೂ ಗುಂಪಿಗೆ ಕೊಡಿ. ಶುರುವಿಗೆ ಮುಂಚೆ ಎರಡೂ ವಾರ್ಡ್‌ನ ಸ್ಟಾಫ್‌ಗೆ ಮ್ಯಾನುಯಲ್ ನೆನಪಿಸುವ ತರಗತಿ ತೆಗೆದುಕೊಳ್ಳಿ. ಉಳಿಯುವುದು ಡ್ರೆಸ್ಸಿಂಗ್ ಒಂದೇ. ಅದೇ ನಿಮ್ಮ ಇಂಡಿಪೆಂಡೆಂಟ್ ವೇರಿಯಬಲ್: ಸ್ಟೆರೈಲ್ ಗಾಜ್ ಮತ್ತು ಟೇಪ್ ಒಂದು ಕಡೆ, ಟ್ರಾನ್ಸ್‌ಪರೆಂಟ್ ಫಿಲ್ಮ್ ಇನ್ನೊಂದು ಕಡೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2011ರ ಮಾರ್ಗಸೂಚಿ ಎರಡನ್ನೂ ಒಪ್ಪುತ್ತದೆ. ಬರೀ ಮೈಕ್ರೋಪೋರ್ ಅಡ್ಡಡ್ಡ ಅಂಟಿಸುವುದು ಕಂಟ್ರೋಲ್ ಅಲ್ಲ, ಅದು ನಿರ್ಲಕ್ಷ್ಯ. ಅದನ್ನು ಗುಂಪು ಮಾಡಬೇಡಿ.

ಈಗ ರೋಗಿ ರೋಗಿಗೆ ರ‍್ಯಾಂಡಮೈಸ್ ಮಾಡಬಹುದು (ಯಾರು ಯಾವ ಗುಂಪು ಎಂದು ಚೀಟಿ ಎತ್ತಿದಂತೆ ಹಂಚುವುದು), ಎರಡೂ ವಾರ್ಡ್ ಸೇರಿಸಿ. ಫ್ಲಶ್ ಹಾಗಲ್ಲದೆ ಡ್ರೆಸ್ಸಿಂಗ್ ಒಮ್ಮೆ ಅಂಟಿಸಿದರೆ ಅಲ್ಲೇ ಇರುತ್ತದೆ, ಗುಂಪು ಬೆರೆಯುವ ಭಯ ಕಡಿಮೆ. ಪುರುಷ, ಮಹಿಳೆ ಎರಡಕ್ಕೂ ಬೇರೆ ಬೇರೆ ಪಟ್ಟಿ, 4 ಮತ್ತು 6ರ ಬ್ಲಾಕ್‌ಗಳನ್ನು (ಎರಡೂ ಗುಂಪು ಸಮನಾಗಿರುವ ಸಣ್ಣ ಕಂತುಗಳು) ಬೆರೆಸಿ (ಬರೀ 4 ಇಟ್ಟರೆ ನಾಲ್ಕನೆಯದು ಏನೆಂದು ಸಿಸ್ಟರ್ ಊಹಿಸಿಬಿಡುತ್ತಾರೆ). ಪಟ್ಟಿಯನ್ನು ವಾರ್ಡ್‌ಗೆ ಸಂಬಂಧವಿಲ್ಲದವರು ಮಾಡಲಿ. ಲಕೋಟೆ ಕಂದು ಬಣ್ಣದ್ದು, ಒಳಗೆ ಚೀಟಿಯ ಮೇಲೆ ಕಾರ್ಬನ್ ಮತ್ತು ಫಾಯಿಲ್, ಹೊರಗೆ ಕ್ರಮಸಂಖ್ಯೆ. ಬಿಳಿ ಲಕೋಟೆಯನ್ನು ಟ್ಯೂಬ್‌ಲೈಟ್‌ಗೆ ಹಿಡಿದರೆ ಒಳಗಿನದು ಓದಬಹುದು. ಒಪ್ಪಿಗೆ ಪಡೆದು, ಲಕೋಟೆಯ ಮೇಲೆ ರೋಗಿಯ ಕೋಡ್ ಬರೆದ ನಂತರವೇ ಒಡೆಯಬೇಕು. ಕಾರ್ಬನ್ ಆ ಕೋಡನ್ನು ಚೀಟಿಗೆ ಇಳಿಸುತ್ತದೆ, ಆಮೇಲೆ ಅದಲುಬದಲು ಮಾಡಲಾಗದು.

ಬ್ಲೈಂಡಿಂಗ್ (ಯಾರು ಯಾವ ಗುಂಪು ಎಂದು ಸ್ಕೋರ್ ಮಾಡುವವರಿಗೆ ತಿಳಿಯದಂತೆ ಇಡುವುದು) ಪೂರ್ತಿ ಸಾಧ್ಯವಿಲ್ಲ, ಒಪ್ಪಿಕೊಂಡು ಬರೆಯಿರಿ. ಕ್ಯಾನುಲಾ ತೆಗೆದ ಮೇಲೆ ವಾರ್ಡ್ ಸಿಸ್ಟರ್ ಅಂಟು ಒರೆಸಿ, ಅರ್ಧ ಗಂಟೆ ಬಿಟ್ಟು, ಆಮೇಲೆ ಸ್ಕೋರ್ ಮಾಡುವವರನ್ನು ಕರೆಯಲಿ. ಫಿಲ್ಮ್‌ನ ಚೌಕಾಕಾರದ ಗುರುತು ಕೆಲವೊಮ್ಮೆ ಉಳಿದುಬಿಡುತ್ತದೆ. ಬೆವರುವ, ರಕ್ತ ಜಿನುಗುವ ಜಾಗದಲ್ಲಿ ಫಿಲ್ಮ್ ಎದ್ದುಬರುತ್ತದೆ. ಆಗ ಗಾಜ್ ಹಾಕಲೇಬೇಕು. ಹಾಗೆ ಬದಲಾದವರನ್ನು ಲೆಕ್ಕದಿಂದ ತೆಗೆಯದೆ ಮೊದಲು ಹಂಚಿದ ಗುಂಪಿನಲ್ಲೇ ಎಣಿಸಿ.

ಫಿಲ್ಮ್‌ನ ಹಣ ರೋಗಿಯ ಕೈಯಿಂದ ಬರಬಾರದು. ಹೊರಗಿನ ಮೆಡಿಕಲ್ ಶಾಪ್‌ಗೆ ಚೀಟಿ ಬರೆದುಕೊಟ್ಟು ತರಿಸಿದರೆ ಅಲ್ಲಿಗೇ ಎಥಿಕ್ಸ್ ಮುಗಿಯಿತು.

ಸಂಖ್ಯಾಶಾಸ್ತ್ರ_ಮೇಜು

ಡಿಸೈನ್ ಶುದ್ಧವಾಯಿತು, ಸ್ಯಾಂಪಲ್ ಕೈಗೆ ಸಿಗದಷ್ಟು ದೂರ ಹೋಯಿತು. ಮೂರು ಒಳ್ಳೆಯ ಅಂಶಗಳು ಎರಡೂ ಕಡೆ ಇದ್ದ ಮೇಲೆ ಡ್ರೆಸ್ಸಿಂಗ್ ಒಂದರಿಂದ ಶೇ. 40 ಇಳಿದು 20 ಆಗುತ್ತದೆ ಎಂದು ಯಾರೂ ಹೇಳಲಾರರು. ಶೇ. 30 ಇದ್ದದ್ದು 20 ಎಂದು ಹಿಡಿಯಿರಿ: 0.21 + 0.16 = 0.37; 7.84×0.37÷0.01 = 290.08. ಗುಂಪಿಗೆ 291, ಒಟ್ಟು 582, ಬಿಟ್ಟುಹೋಗುವವರನ್ನು ಸೇರಿಸುವ ಮುಂಚೆಯೇ. ಒಬ್ಬ ವಿದ್ಯಾರ್ಥಿ, ಒಂದು ಆಸ್ಪತ್ರೆ, ಕೆಲವೇ ತಿಂಗಳ ಡೇಟಾ ಕಲೆಕ್ಷನ್: ಆಗದ ಮಾತು.

ಪ್ರಾಮಾಣಿಕ ದಾರಿ ಎರಡು. ಇದನ್ನೇ 'ಫೀಸಿಬಿಲಿಟಿ ಟ್ರಯಲ್' (ದೊಡ್ಡ ಪ್ರಯೋಗ ನಡೆಸಲಾದೀತೇ ಎಂದು ನೋಡುವ ಸಣ್ಣ ಪ್ರಯೋಗ) ಎಂದು ಹೆಸರಿಟ್ಟು, ಎಷ್ಟು ಜನ ಒಪ್ಪಿದರು, ಎಷ್ಟು ಫಿಲ್ಮ್ ಎದ್ದುಬಂತು, ಎಷ್ಟು ಸ್ಕೋರ್ ಬಿಟ್ಟುಹೋಯಿತು ಎಂಬುದನ್ನೇ ಫಲಿತಾಂಶ ಮಾಡಿ, ಪರಿಣಾಮದ ಬಗ್ಗೆ ತೀರ್ಪು ಕೊಡದೆ ಇರುವುದು. ಇಲ್ಲವೇ ಪ್ರಯೋಗವನ್ನೇ ಬಿಟ್ಟು ಪ್ರಾಸ್ಪೆಕ್ಟಿವ್ ಅಬ್ಸರ್ವೇಶನಲ್ (ಆರೈಕೆ ಬದಲಿಸದೆ ಮುಂದಕ್ಕೆ ಗಮನಿಸುತ್ತಾ ಹೋಗುವುದು) ಮಾಡುವುದು: ಈ ವಾರ್ಡ್‌ಗಳಲ್ಲಿ ಫ್ಲೆಬೈಟಿಸ್ ಎಷ್ಟು, ಯಾರಿಗೆ ಹೆಚ್ಚು. ಶೇ. 30ರ ಆಸುಪಾಸು, ಹೆಚ್ಚುಕಡಿಮೆ 8 ಅಂಶದ ನಿಖರತೆ ಸಾಕೆಂದರೆ 3.8416×0.21÷0.0064 = 126.05, ಅಂದರೆ 127 ರೋಗಿಗಳು. ಪ್ರಕರಣ 38 ಸಿಗುತ್ತವೆ, ರಿಗ್ರೆಷನ್‌ಗೆ ಮೂರು ವೇರಿಯಬಲ್. ನನ್ನ ಮತ ಇದಕ್ಕೆ.

ಎರಡರಲ್ಲಿ ಯಾವುದೇ ಆಗಲಿ, ಫಾರ್ಮ್‌ನಲ್ಲಿ ಮೂರು ಕಾಲಂ ಖಾಲಿ ಬಿಡುವಂತಿಲ್ಲ: ಹಾಕಿದ ಗಂಟೆ, ತೆಗೆದ ಗಂಟೆ, ತೆಗೆದ ಕಾರಣ. 30 ಗಂಟೆಗೆ ಡಿಸ್ಚಾರ್ಜ್ ಆಗಿ ಹೋದವರನ್ನು '72 ಗಂಟೆ ಫ್ಲೆಬೈಟಿಸ್ ಇಲ್ಲ' ಎಂದು ಎಣಿಸಿದರೆ ದರ ಸುಳ್ಳಾಗಿ ಕಡಿಮೆ ಬರುತ್ತದೆ. ಅಂಥವರನ್ನು ಸೆನ್ಸಾರ್ ಮಾಡಿ (ಹೋದ ಗಂಟೆಯವರೆಗೆ ಮಾತ್ರ ಎಣಿಸಿ) ಕಾಪ್ಲಾನ್–ಮೇಯರ್ ರೇಖೆ (ಕಾಲ ಕಳೆದಂತೆ ಎಷ್ಟು ಜನ ಫ್ಲೆಬೈಟಿಸ್ ಇಲ್ಲದೆ ಉಳಿದರು ಎಂಬ ನಕ್ಷೆ) ಹಾಕಿ, ಅಥವಾ 100 ಕ್ಯಾನುಲಾ-ದಿನಕ್ಕೆ ಎಷ್ಟು ಎಂದು ಕೊಡಿ.

ಡ್ರೆಸ್ಸಿಂಗ್_ಟ್ರಾಲಿ

ಲೆಕ್ಕ ಒಪ್ಪಿದೆ, ಮತ ಒಪ್ಪಲಿಲ್ಲ. ಚೆನ್ನಾಗಿ ನಡೆಸಿದ ಸಣ್ಣ ಫೀಸಿಬಿಲಿಟಿ ಟ್ರಯಲ್ ಇದ್ದರೆ ನಾಳೆ ಮೂರು ಕಾಲೇಜು ಸೇರಿ ದೊಡ್ಡದು ಮಾಡಲು ಬರುತ್ತದೆ. 'ಯಾರಿಗೆ ಹೆಚ್ಚು' ಎಂಬ ಅಧ್ಯಯನಗಳು ಕಪಾಟು ತುಂಬಾ ಇವೆ.

ಕಮಿಟಿ_ಕಡತ

ಟ್ರಯಲ್ ಆದರೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ) ನೋಂದಣಿ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಆಗಬೇಕು. 2018ರ ಏಪ್ರಿಲ್ 1ರಿಂದ ಅಲ್ಲಿ ಹಿಂದಿನ ದಿನಾಂಕಕ್ಕೆ ನೋಂದಣಿ ಇಲ್ಲ. ಕಮಿಟಿ ಒಪ್ಪಿಗೆ, ನೋಂದಣಿ, ಪೈಲಟ್, ಈ ಕ್ರಮದಲ್ಲಿ. ಪೈಲಟ್ ರೋಗಿಗಳೂ ರೋಗಿಗಳೇ, ಅವರಿಗೂ ಒಪ್ಪಿಗೆ ಬೇಕು. ಅಬ್ಸರ್ವೇಶನಲ್ ಆದರೆ ಕಮಿಟಿ ಎಕ್ಸ್‌ಪೆಡೈಟೆಡ್ ರಿವ್ಯೂಗೆ (ಪೂರ್ಣ ಸಭೆಯಿಲ್ಲದ ತ್ವರಿತ ಪರಿಶೀಲನೆಗೆ) ಹಾಕಬಹುದು. ಹಾಕುವುದು ಬಿಡುವುದು ಅವರ ತೀರ್ಮಾನ, ಅರ್ಜಿಯಲ್ಲಿ ನೀವೇ 'ವಿನಾಯಿತಿ' ಎಂದು ಬರೆದುಕೊಳ್ಳಬೇಡಿ.

ಇಂಗ್ಲಿಷ್ ನಮೂನೆಯ ಸಾಲುಸಾಲು ಅನುವಾದ ಮಾಡಿದ ಒಪ್ಪಿಗೆ ಪತ್ರ ಯಾರಿಗೂ ಅರ್ಥವಾಗುವುದಿಲ್ಲ. ಟ್ರಯಲ್‌ಗೆ ಈ ಧಾಟಿಯಲ್ಲಿ ಬರೆಯಿರಿ:

'ನಿಮ್ಮ ಕೈಗೆ ಹಾಕುವ ಡ್ರಿಪ್ ಸೂಜಿಯ ಮೇಲೆ ಎರಡು ಬಗೆಯ ಪಟ್ಟಿ ಹಾಕುತ್ತಾರೆ. ಒಂದು ಬಟ್ಟೆಯದು, ಇನ್ನೊಂದು ಒಳಗಿನದು ಕಾಣುವ ತೆಳು ಪ್ಲಾಸ್ಟಿಕ್‌ನದು. ಎರಡೂ ಶುದ್ಧ ಮಾಡಿದವೇ. ಯಾವುದರಲ್ಲಿ ಕೈ ಬಾತುಕೊಳ್ಳುವುದು ಕಡಿಮೆ ಎಂದು ಖಚಿತವಾಗಿ ಗೊತ್ತಿಲ್ಲ, ಅದಕ್ಕೇ ಈ ಅಧ್ಯಯನ. ನಿಮಗೆ ಯಾವುದು ಎಂದು ಮುಚ್ಚಿದ ಲಕೋಟೆಯಲ್ಲಿರುವ ಚೀಟಿ ಹೇಳುತ್ತದೆ, ಡಾಕ್ಟರಾಗಲಿ ನಾವಾಗಲಿ ಆರಿಸುವುದಿಲ್ಲ. ಕೈ ನೋವು, ಕೆಂಪು, ಊತ ಬಂದರೆ ಯಾವ ಪಟ್ಟಿ ಇದ್ದರೂ ಸೂಜಿ ತೆಗೆದು ಬೇರೆ ಕಡೆ ಹಾಕುತ್ತೇವೆ. ನೀವು ಬೇಡ ಎಂದರೆ ನಿಮ್ಮ ಔಷಧಿ, ಆರೈಕೆ ಯಾವುದೂ ಕಡಿಮೆಯಾಗುವುದಿಲ್ಲ. ಒಪ್ಪಿದ ಮೇಲೂ ಕಾರಣ ಹೇಳದೆ ಬಿಡಬಹುದು. ನಿಮಗೆ ಇದರಿಂದ ಖರ್ಚಿಲ್ಲ.'

ಓದಲು ಬಾರದವರಿಗೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯ ಎದುರು ಓದಿ ಹೇಳಿ, ರೋಗಿಯ ಹೆಬ್ಬೆಟ್ಟು, ಸಾಕ್ಷಿಯ ಸಹಿ. ಮಗನ ಸಹಿ ಹಾಕಿಸಿ ಮುಗಿಸುವುದು ಬಹಳ ಕಡೆ ನಡೆಯುತ್ತದೆ. ಪ್ರಜ್ಞೆ ಇರುವ ವಯಸ್ಕರ ಪರವಾಗಿ ಮಗ ಒಪ್ಪುವಂತಿಲ್ಲ. ಒಪ್ಪಿಗೆ ಕೇಳುವವರು ಆ ರೋಗಿಗೆ ಇಂಜೆಕ್ಷನ್ ಕೊಡುವ ಸಿಸ್ಟರ್ ಆಗಿರಬಾರದು, ಯೂನಿಫಾರ್ಮ್ ಇಲ್ಲದೆ ಹೋದರೆ ಇನ್ನೂ ಒಳ್ಳೆಯದು. ಸರ್ಕಾರಿ ವಾರ್ಡ್‌ನಲ್ಲಿ ಬಿಳಿ ಕೋಟಿಗೆ 'ಬೇಡ' ಎನ್ನುವವರು ಅಪರೂಪ. ಜಾಗದ ಫೋಟೊ ತೆಗೆಯುವುದಾದರೆ ಬೇರೆ ಒಪ್ಪಿಗೆ. ವಯಸ್ಸಾದ ಹೆಂಗಸರ ಮುಂಗೈಯಲ್ಲಿ ಹೆಸರಿನ ಹಚ್ಚೆ ಇರುತ್ತದೆ, ಮುಖವಿಲ್ಲದಿದ್ದರೂ ಗುರುತು ಸಿಕ್ಕಿಬಿಡುತ್ತದೆ. ತೆಗೆದ ಮೇಲಿನ ಭೇಟಿಗೆ ಪಡೆದ ಫೋನ್ ನಂಬರ್, ಹೆಸರು, ಕೋಡ್ ಇರುವ ಪಟ್ಟಿ ಡೇಟಾ ಹಾಳೆಯ ಜತೆ ಇರಬಾರದು, ಬೇರೆ ಬೀಗದಲ್ಲಿರಲಿ.

ಮೆಡ್‌ಸರ್ಜ್_ವಿದ್ಯಾರ್ಥಿ

ಗೈಡ್ ಹತ್ತಿರ ಮಾತಾಡಿದೆ. ಅಬ್ಸರ್ವೇಶನಲ್ ಕಡೆಗೇ ಒಲವು, 127ಕ್ಕೆ ಶೇ. 10 ಬಿಟ್ಟುಹೋಗುವವರನ್ನು ಲೆಕ್ಕಹಾಕಿ 142 ಇಡುತ್ತೇವೆ. ಒಂದೇ ಅನುಮಾನ: ಅಬ್ಸರ್ವೇಶನಲ್ ಎಂದ ಮೇಲೆ ನಾನು ವಿಐಪಿ 2 ಕಂಡು ಸಿಸ್ಟರ್‌ಗೆ ಹೇಳಿದರೆ ನಾನೇ ಮಧ್ಯೆ ಕೈಹಾಕಿದ ಹಾಗಾಗಿ ಡೇಟಾ ಕೆಡುವುದಿಲ್ಲವೇ?

ವಾರ್ಡ್‌ಬುಕ್

ಕೆಡುವುದಿಲ್ಲ. ವಿಐಪಿ 2 ಬಂದ ಕ್ಷಣವೇ ನಿಮ್ಮ ಫಲಿತಾಂಶ ದಾಖಲಾಯಿತು, ಆಮೇಲೆ ಕ್ಯಾನುಲಾ ತೆಗೆದರೆ ನಿಮ್ಮ ಲೆಕ್ಕಕ್ಕೆ ಏನೂ ಆಗದು. ಮೊದಲು ಗಂಟೆ ಮತ್ತು ಸ್ಕೋರ್ ನಿಮ್ಮ ಫಾರ್ಮ್‌ನಲ್ಲಿ, ತಕ್ಷಣ ಡ್ಯೂಟಿ ಸಿಸ್ಟರ್‌ಗೆ ಬಾಯಲ್ಲಿ ಹೇಳಿ, ಕೇಸ್‌ಶೀಟ್‌ನ ನರ್ಸಸ್ ನೋಟ್‌ನಲ್ಲಿ ಅವರಿಂದ ಬರೆಸಿ. ತೆಗೆದದ್ದು ಎಷ್ಟು ಹೊತ್ತಿಗೆ ಎಂದು ಮತ್ತೆ ಬಂದು ನೋಡಿ ಬರೆದುಕೊಳ್ಳಿ. ನೀವು ಪದೇಪದೇ ಬಂದು ನೋಡುವುದರಿಂದಲೇ ಸ್ಟಾಫ್ ಹೆಚ್ಚು ಎಚ್ಚರವಾಗಿ ದರ ಸ್ವಲ್ಪ ಇಳಿಯಬಹುದು, ಅದನ್ನು ಲಿಮಿಟೇಶನ್‌ನಲ್ಲಿ ಬರೆಯಿರಿ. ಬೇಕಿದ್ದರೆ ಮೊದಲ ವಾರದ ದರವನ್ನು ಕೊನೆಯ ವಾರದ್ದರ ಜತೆ ಇಟ್ಟು ತೋರಿಸಿ.

142 ಸರಿ ಇದೆ. ಭಾನುವಾರ, ರಾತ್ರಿ ಅಡ್ಮಿಟ್ ಆದವರನ್ನೂ ಸಾಲಾಗಿ ತೆಗೆದುಕೊಳ್ಳಿ, ಪರ್ಪಸಿವ್ ಅಲ್ಲ, ಕನ್ಸೆಕ್ಯುಟಿವ್. ಬೆಳಗಿನ ಪಾಳಿಯವರನ್ನೇ ಆರಿಸಿದರೆ ರಾತ್ರಿ ತರಾತುರಿಯಲ್ಲಿ ಹಾಕಿದ ಕ್ಯಾನುಲಾಗಳು ಪೂರ್ತಿ ತಪ್ಪಿಹೋಗುತ್ತವೆ, ಫ್ಲೆಬೈಟಿಸ್ ಹೆಚ್ಚಿರಬಹುದಾದದ್ದೇ ಅಲ್ಲಿ.